ಪೊರಕೆಯೂ ಔಷಧವೇ: ಅದನ್ನು ಗುತ್ತಿಗೆಗೆ ಕೊಡಬಹುದೇ?

ಹಬ್ಬದ ಬಟ್ಟೆಗೆಂದೋ, ಮದುವೆಯ ಸೀರೆಗೆ ಹೊಂದುವ ರವಿಕೆ ಕಣಕ್ಕೆಂದೋ ನೀವು ಒಂದಲ್ಲ ಒಂದು ದಿನ ಕಮರ್ಷಿಯಲ್ ಸ್ಟ್ರೀಟ್‌ಗೆ ಹೋಗಿಯೇ ಇರುತ್ತೀರಿ. ಆದರೆ ಬೆಳಗಿನ ಆರೂವರೆ ಗಂಟೆಗೆ ಆ ಬೀದಿಯನ್ನು ನೋಡಿದ್ದೀರಾ? ಅಂಗಡಿಗಳ ಷಟರ್‌ಗಳೆಲ್ಲ ಕೆಳಗಿರುತ್ತವೆ. ಹಿಂದಿನ ರಾತ್ರಿಯ ವ್ಯಾಪಾರದ ಅವಶೇಷವೆಲ್ಲ ರಸ್ತೆಯ ಮೇಲಿರುತ್ತದೆ. ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಹಾಳೆ, ತಿಂದು ಎಸೆದ ಜೋಳದ ದಿಂಡು, ಚಹಾದ ಲೋಟ, ದರ್ಜಿ ಅಂಗಡಿಯ ಚಿಂದಿ. ಇಬ್ಬರು ಮೂವರು ಹೆಂಗಸರು ಉದ್ದನೆಯ ಪೊರಕೆ ಹಿಡಿದು ಇಬ್ರಾಹಿಂ ಸಾಹೇಬ್ ಸ್ಟ್ರೀಟ್ ಕಡೆಯಿಂದಲೋ ಡಿಸ್ಪೆನ್ಸರಿ ರೋಡಿನ ಕಡೆಯಿಂದಲೋ ಗುಡಿಸುತ್ತ ಬರುತ್ತಾರೆ. ಹತ್ತು ಗಂಟೆಗೆ ನೀವು ಆಟೋದಿಂದ ಇಳಿಯುವ ಹೊತ್ತಿಗೆ ಆ ಹೆಂಗಸರೂ ಇರುವುದಿಲ್ಲ, ಆ ಕಸವೂ ಇರುವುದಿಲ್ಲ.

ಅಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಬೌರಿಂಗ್ ಆಸ್ಪತ್ರೆಯಿದೆ. ಶಿವಾಜಿನಗರದ ಕೂಲಿಕಾರರಿಂದ ಹಿಡಿದು ಹಲಸೂರಿನ ಬಾಣಂತಿಯರವರೆಗೆ ಎಷ್ಟೋ ತಲೆಮಾರುಗಳು ಅದರ ಮೆಟ್ಟಿಲು ಹತ್ತಿವೆ. ಇಂತಹ ಯಾವುದೇ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲೂ ಬೆಳಗಿನ ಅದೇ ಹೊತ್ತಿಗೆ ಇನ್ನೊಂದಿಷ್ಟು ಹೆಂಗಸರು ವಾರ್ಡಿನ ನೆಲ ಒರೆಸುತ್ತಿರುತ್ತಾರೆ. ಬೀದಿಯವರಿಗೂ ವಾರ್ಡಿನವರಿಗೂ ಒಂದು ಸಮಾನ ಅಂಶವಿದೆ. ಕಳೆದ ಮೂರು ದಶಕಗಳಲ್ಲಿ ಈ ಎರಡೂ ಕೆಲಸಗಳು ಸರ್ಕಾರದ ಕೈಯಿಂದ ಗುತ್ತಿಗೆದಾರರ ಕೈಗೆ ಹೋದವು. ಬೀದಿಯ ಕೆಲಸ ದೊಡ್ಡ ಹೋರಾಟದ ನಂತರ ಈಗ ಭಾಗಶಃ ವಾಪಸು ಬಂದಿದೆ. ವಾರ್ಡಿನ ಕೆಲಸ ಬಹುಮಟ್ಟಿಗೆ ಗುತ್ತಿಗೆಯಲ್ಲೇ ಉಳಿದಿದೆ.

ಆರೋಗ್ಯದ ಅಂಕಣದಲ್ಲಿ ಟೆಂಡರು, ಗುತ್ತಿಗೆಗಳ ಮಾತೇಕೆ ಎಂದು ಹುಬ್ಬೇರಿಸಬೇಡಿ. ಮಧುಮೇಹ, ರಕ್ತದೊತ್ತಡಗಳ ಬಗ್ಗೆ ಮುಂದಿನ ವಾರ ಬರೆಯಬಹುದು. ಶಸ್ತ್ರಚಿಕಿತ್ಸೆ ಯಶಸ್ವಿಯಾದ ಮೇಲೂ ನಿಮ್ಮ ಮನೆಯ ಹಿರಿಯರ ಗಾಯದಲ್ಲಿ ಕೀವು ತುಂಬುವುದೇಕೆ, ಮಳೆಗಾಲ ಬಂತೆಂದರೆ ನಿಮ್ಮ ಮಗುವಿಗೆ ಡೆಂಗೆ ಭೀತಿ ಏಕೆ ಎಂದು ಕೇಳಿದರೆ, ಉತ್ತರದ ಒಂದು ಪಾಲು ಔಷಧದ ಚೀಟಿಯಲ್ಲಿ ಇರುವುದಿಲ್ಲ, ಗುತ್ತಿಗೆಯ ಕಡತದಲ್ಲಿ ಇರುತ್ತದೆ.

ಈ ಪದ್ಧತಿ ಎಲ್ಲಿಂದ ಬಂತು? 1980ರ ದಶಕದಲ್ಲಿ ಬ್ರಿಟನ್, ನ್ಯೂಜಿಲೆಂಡ್ ಮುಂತಾದ ದೇಶಗಳಲ್ಲಿ ಒಂದು ಹೊಸ ವಿಚಾರ ಬಲಗೊಂಡಿತು. ಸರ್ಕಾರ ಏನಾಗಬೇಕೆಂದು ತೀರ್ಮಾನಿಸಿ ಹಣ ಕೊಡಲಿ, ಕೆಲಸವನ್ನು ಮಾತ್ರ ಕಡಿಮೆ ದರಕ್ಕೆ ಒಪ್ಪಿದವರು ಮಾಡಲಿ, ಇಬ್ಬರ ನಡುವೆ ಕರಾರುಪತ್ರ ಇರಲಿ ಎಂಬುದು ಅದರ ಸಾರ. ಬ್ರಿಟನ್ನಿನಲ್ಲಿ 1983ರಿಂದ ಸರ್ಕಾರಿ ಆಸ್ಪತ್ರೆಗಳ ಶುಚಿತ್ವ, ಅಡುಗೆ ಮತ್ತು ಬಟ್ಟೆ ಒಗೆಯುವ ಕೆಲಸಗಳನ್ನು ಟೆಂಡರಿಗೆ ಒಡ್ಡುವಂತೆ ಆದೇಶವಾಯಿತು. ನಮ್ಮಲ್ಲಿ 1990ರ ದಶಕದಲ್ಲಿ ಅದೇ ಗಾಳಿ ಬೀಸಿತು. ವಿಶ್ವ ಬ್ಯಾಂಕಿನ ಸಾಲದಿಂದ 1996ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ನಮ್ಮ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಿಗೆ ಒಳ್ಳೆಯ ಕಟ್ಟಡಗಳನ್ನೂ ಉಪಕರಣಗಳನ್ನೂ ತಂದಿತು. ಅದನ್ನು ಮರೆಯಬಾರದು. ಜೊತೆಗೆ ಚಿಕಿತ್ಸೆಗೆ ನೇರ ಸಂಬಂಧವಿಲ್ಲವೆನ್ನಲಾದ ಕೆಲಸಗಳನ್ನು ಹೊರಗಿನವರಿಗೆ ವಹಿಸುವ ಪರಿಪಾಠವನ್ನೂ ತಂದಿತು.

ಚಿಕಿತ್ಸೆಗೆ ಸಂಬಂಧವಿಲ್ಲದ ಕೆಲಸ! ಇಡೀ ಸುಧಾರಣೆ ನಿಂತಿರುವುದೇ ಈ ಮಾತಿನ ಮೇಲೆ. ಒಂದು ಸಂಸ್ಥೆಯ ಕೆಲಸಗಳಲ್ಲಿ ಕೆಲವು ಮುಖ್ಯ, ಕೆಲವು ಅಮುಖ್ಯ. ಮುಖ್ಯವಾದುದನ್ನು ನೀವು ಇಟ್ಟುಕೊಳ್ಳಿ, ಅಮುಖ್ಯವಾದುದನ್ನು ಗುತ್ತಿಗೆಗೆ ಕೊಡಿ ಎಂಬುದು ಅದರ ತರ್ಕ. ಈಗ ಕಾನೂನಿಗೂ ಇದು ಸೇರಿಬಿಟ್ಟಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯು ಸಂಸ್ಥೆಯ ಮುಖ್ಯ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಬಳಸುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಸಂತೋಷ. ಆದರೆ ಮುಖ್ಯವಲ್ಲದ ಕೆಲಸಗಳ ಪಟ್ಟಿಯನ್ನು ಓದಿದರೆ ಅದರ ಮೊದಲ ಸಾಲಿನಲ್ಲೇ ಗುಡಿಸುವುದು, ಒರೆಸುವುದು, ಕಸ ಸಂಗ್ರಹ ಮತ್ತು ವಿಲೇವಾರಿ ಇವೆ. ಆ ಸಂಸ್ಥೆ ಅದಕ್ಕಾಗಿಯೇ ಸ್ಥಾಪಿತವಾಗಿದ್ದರೆ ಮಾತ್ರ ವಿನಾಯಿತಿ. ಆಸ್ಪತ್ರೆ ಸ್ಥಾಪಿತವಾಗಿರುವುದು ನೆಲ ಒರೆಸಲು ಅಲ್ಲವಲ್ಲ!

ಬಟ್ಟೆಯ ಕಾರ್ಖಾನೆಗೋ ಬ್ಯಾಂಕಿಗೋ ಈ ವಿಂಗಡಣೆ ಹೊಂದಬಹುದು. ಆಸ್ಪತ್ರೆಗೆ ಹೊಂದುವುದಿಲ್ಲ ಎಂಬುದು ವೈದ್ಯಶಾಸ್ತ್ರದ ಚರಿತ್ರೆಯನ್ನು ಸ್ವಲ್ಪ ಓದಿದವರಿಗೂ ಗೊತ್ತು. ಕ್ರಿಮಿಯಾ ಯುದ್ಧದ ಕಾಲದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಸೇವೆ ಸಲ್ಲಿಸಿದ ಸ್ಕುಟಾರಿ ಆಸ್ಪತ್ರೆಯಲ್ಲಿ 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ 40ನ್ನೂ ಮೀರಿತ್ತು. ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗದವರು ಚರಂಡಿಗಳನ್ನು ತೆರವುಗೊಳಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿಯಾಡುವಂತೆ ಮಾಡಿದರು. ಜೂನ್ ವೇಳೆಗೆ ಆ ಪ್ರಮಾಣ ನೂರಕ್ಕೆ ಎರಡರ ಆಸುಪಾಸಿಗೆ ಇಳಿದಿತ್ತು. ರೋಗಾಣುಗಳಿಗೆ ಮದ್ದು ಕಂಡುಹಿಡಿಯಲು ಆಗಿನ್ನೂ ದಶಕಗಳೇ ಬೇಕಿದ್ದವು. ಅಲ್ಲಿ ಜೀವ ಉಳಿಸಿದ್ದು ಪೊರಕೆ, ಸುಣ್ಣ, ನೀರು.

ದೂರದ ಮಾತೇಕೆ? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ನಗರವೂ ದಂಡು ಪ್ರದೇಶವೂ ಪಾಠ ಕಲಿತದ್ದು ಹೀಗೆಯೇ. ಇಕ್ಕಟ್ಟಾದ ಓಣಿಗಳು, ಇಲಿಗಳು, ಕೊಳೆತ ಕಸ. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದರ ಹಿಂದೆ, ಆಮೇಲೆ ದಂಡಿನ ಕಡೆ ಫ್ರೇಜರ್ ಟೌನ್ ಹುಟ್ಟಿದ್ದರ ಹಿಂದೆ ಆ ಭಯವಿತ್ತು. ಊರು ಗುಡಿಸುವುದು ಅಂದವಾಗಿ ಕಾಣಲೆಂದಲ್ಲ, ಜನ ಸಾಯದಿರಲೆಂದು ಎಂಬುದು ಅಂದಿನ ಆಡಳಿತಕ್ಕೆ ಅನುಭವದಿಂದಲೇ ತಿಳಿದಿತ್ತು.

ನನ್ನ ಸ್ವಂತ ಅನುಭವವನ್ನೂ ಹೇಳಬೇಕು. ಎಷ್ಟೋ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ಹೆಂಗಸರ ವಾರ್ಡಿಗೆ ಒಬ್ಬ ಆಯಾ ಇದ್ದರು. ಕಾಯಂ ನೌಕರಿ. ಓದು ಬರಹ ಅಷ್ಟಕ್ಕಷ್ಟೇ. ತಮಿಳು, ಕನ್ನಡ, ದಖನಿ ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಮಾತಾಡುತ್ತಿದ್ದರು. ಒಂದು ಬೆಳಿಗ್ಗೆ ನಾನು ರೌಂಡ್ಸ್‌ಗೆ ಬಂದಾಗ ಒದ್ದೆ ಬಟ್ಟೆ ಹಿಡಿದೇ ಬಾಗಿಲಲ್ಲಿ ನಿಲ್ಲಿಸಿ, "ಸಾರ್, ಆ ಮೂಲೆ ಮಂಚದ ಅಜ್ಜಿ ನಿನ್ನೆಯಿಂದ ನೀರೇ ಮುಟ್ಟಿಲ್ಲ, ಮಂಚದ ಕೆಳಗೆ ಲೋಟ ತುಂಬಿದ್ದು ತುಂಬಿದ ಹಾಗೇ ಇದೆ" ಎಂದರು. ಹೋಗಿ ನೋಡಿದರೆ ಅಜ್ಜಿಗೆ ಮೂತ್ರವೇ ಸರಿಯಾಗಿ ಆಗಿರಲಿಲ್ಲ. ಸಂಜೆಯವರೆಗೆ ಬಿಟ್ಟಿದ್ದರೆ ಮೂತ್ರಪಿಂಡದ ಗತಿ ಏನಾಗುತ್ತಿತ್ತೋ.

ಕೆಲವು ವರ್ಷಗಳ ನಂತರ ಅಲ್ಲಿಯ ಶುಚಿತ್ವ ಗುತ್ತಿಗೆಗೆ ಹೋಯಿತು. ಹೊಸಬರು ಸೋಮಾರಿಗಳೇನೂ ಆಗಿರಲಿಲ್ಲ. ಅವರೂ ಬಡ ಹೆಂಗಸರೇ, ಹೆಚ್ಚು ಹೊತ್ತು ದುಡಿಯುತ್ತಿದ್ದರು. ಆದರೆ ಇಂದು ಈ ವಾರ್ಡು, ನಾಳೆ ಹೊರರೋಗಿ ವಿಭಾಗ, ನಾಡಿದ್ದು ಬೇರೆ ಕಟ್ಟಡ. ಮೂರು ತಿಂಗಳಿಗೊಮ್ಮೆ ಮುಖಗಳೇ ಬದಲಾಗುತ್ತಿದ್ದವು. ಯಾರಿಗೆ ಹೇಳಬೇಕು, ಹೇಳಬಹುದೋ ಬಾರದೋ ಎಂಬುದೇ ಅವರಿಗೆ ತಿಳಿಯದು. ಸಿಸ್ಟರ್ ಏನಾದರೂ ಹೇಳಿದರೆ, "ಸೂಪರ್‌ವೈಸರ್‌ನ ಕೇಳಿ ಅಮ್ಮಾ" ಎನ್ನುತ್ತಿದ್ದರು. ಕರಾರಿನಲ್ಲಿ ದಿನಕ್ಕೆ ಎಷ್ಟು ಬಾರಿ ಒರೆಸಬೇಕೆಂದು ಬರೆದಿತ್ತು. ಅಷ್ಟು ಬಾರಿ ಒರೆಸುತ್ತಿದ್ದರು. ಮಂಚದ ಕೆಳಗಿನ ಲೋಟವನ್ನು ಗಮನಿಸಬೇಕೆಂದು ಯಾವ ಕರಾರಿನಲ್ಲಿ ಬರೆಯಲಾದೀತು? ಬರೆಯಲಾಗದ ಸಂಗತಿಗಳು ಕರಾರಿನಲ್ಲಿ ಏನಾಗುತ್ತವೆ ಎಂಬುದರ ಮೇಲೆಯೇ ಅಧ್ಯಯನ ಮಾಡಿದ ಆಲಿವರ್ ಹಾರ್ಟ್ ಎಂಬ ಅರ್ಥಶಾಸ್ತ್ರಜ್ಞರಿಗೆ 2016ರಲ್ಲಿ ನೊಬೆಲ್ ಬಂತು. ವೆಚ್ಚ ಇಳಿಸುವ ಆತುರದಲ್ಲಿ ಬರೆಯದೆ ಉಳಿದ ಗುಣಮಟ್ಟವೇ ಮೊದಲು ಹೋಗುತ್ತದೆ ಎಂಬುದು ಅವರು ಮತ್ತು ಸಹೋದ್ಯೋಗಿಗಳು 1997ರಲ್ಲಿ ತೋರಿಸಿದ ಮಾತು.

ಇನ್ನೊಂದು ಉದಾಹರಣೆ ಸಂಪೂರ್ಣ ವೈದ್ಯಕೀಯವಾದದ್ದು. ದಯವಿಟ್ಟು ಗಮನವಿಟ್ಟು ಓದಿ. ಆಸ್ಪತ್ರೆಯ ಕಸದಲ್ಲಿ ಬಳಸಿದ ಸೂಜಿಗಳಿರುತ್ತವೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಸೋಂಕಿರುವ ಸೂಜಿ ಚುಚ್ಚಿದರೆ ರೋಗ ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30ರಷ್ಟು. ಎಚ್‌ಐವಿಯ ವಿಷಯದಲ್ಲಿ ಇದು ನೂರಕ್ಕೆ 0.3 ಮಾತ್ರ. ನಾವು ಹೆದರುವುದು ಎರಡನೆಯದಕ್ಕೆ, ಹೆದರಬೇಕಾದದ್ದು ಮೊದಲನೆಯದಕ್ಕೆ. ಅದಕ್ಕಾಗಿಯೇ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಈ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕೆಂದು ವಿಧಿಸಿವೆ. ಗುತ್ತಿಗೆಯವರು, ಕಾಯಂನವರು ಎಂಬ ಭೇದ ಅಲ್ಲಿಲ್ಲ. ಹೆಪಟೈಟಿಸ್ ಬಿ ಲಸಿಕೆಯನ್ನು ಮೂರು ಬಾರಿ ಹಾಕಬೇಕು: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಈಗ ಲೆಕ್ಕ ಹಾಕಿ. ನಾಲ್ಕು ತಿಂಗಳಿಗೇ ಬದಲಾಗುವ ಹೆಂಗಸಿಗೆ ಮೂರನೆಯ ಚುಚ್ಚುಮದ್ದನ್ನು ಯಾರು ಹಾಕುತ್ತಾರೆ? ಹಳೆಯ ಗುತ್ತಿಗೆದಾರನೇ, ಹೊಸಬನೇ, ಆಸ್ಪತ್ರೆಯೇ? ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವಷ್ಟರಲ್ಲಿ ಅವಳು ಇನ್ನೆಲ್ಲೋ ಕೆಲಸಕ್ಕೆ ಸೇರಿರುತ್ತಾಳೆ.

ರೋಗಿಗೂ ಇದರ ಬಿಸಿ ತಟ್ಟುತ್ತದೆ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ 'ಕಾಯಕಲ್ಪ' ಕಾರ್ಯಕ್ರಮದಲ್ಲಿ ವಾರ್ಡು ಒರೆಸಲು ಮೂರು ಬಕೆಟ್ಟಿನ ಪದ್ಧತಿಯನ್ನು ಹೇಳಿದೆ. ಕೊಳೆ ತೊಳೆಯಲು, ಜಾಲಿಸಲು, ಕ್ರಿಮಿನಾಶಕಕ್ಕೆ ಒಂದೊಂದು. ಒಂದೇ ಬಕೆಟ್ಟಿನ ಕಪ್ಪು ನೀರಿನಲ್ಲಿ ಮೂರು ವಾರ್ಡು ಒರೆಸಿದರೆ ಒರೆಸಿದ ಲೆಕ್ಕವೂ ಸರಿಯಾಗುತ್ತದೆ, ನೆಲವೂ ಹೊಳೆಯುತ್ತದೆ. ರೋಗಾಣು ಮಾತ್ರ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಸವಾರಿ ಮಾಡಿರುತ್ತದೆ.

ಬ್ರಿಟನ್ನಿನ ಅನುಭವ ಇಲ್ಲಿ ಉಪಯುಕ್ತ. ಇಂಗ್ಲೆಂಡಿನ 126 ಆಸ್ಪತ್ರೆ ಸಮೂಹಗಳನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶುಚಿತ್ವವನ್ನು ಹೊರಗುತ್ತಿಗೆಗೆ ಕೊಟ್ಟ ಕಡೆ ವೆಚ್ಚ ಕಡಿಮೆಯಿತ್ತು. ಆದರೆ ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ಎಂಬ ಮೊಂಡು ಸೋಂಕು ಹೆಚ್ಚಿತ್ತು. ಒಂದು ಅಧ್ಯಯನದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ, ನಿಜ. ಆದರೆ ಅದಕ್ಕೂ ಮೊದಲೇ, 2008ರಲ್ಲಿ, ಸ್ಕಾಟ್ಲೆಂಡ್ ತನ್ನ ಆಸ್ಪತ್ರೆಗಳಲ್ಲಿ ಶುಚಿತ್ವದ ಹೊಸ ಖಾಸಗಿ ಗುತ್ತಿಗೆಗಳನ್ನು ನಿಲ್ಲಿಸುವುದಾಗಿ ಘೋಷಿಸಿತ್ತು. ಯಾರು ಈ ಪಾಠ ಮೊದಲು ಹೇಳಿಕೊಟ್ಟರೋ ಅವರ ಮನೆಯಲ್ಲೇ ಒಬ್ಬರು ಪುಸ್ತಕ ಮಡಚಿಟ್ಟರು. ನಾವು ಇನ್ನೂ ಬಾಯಿಪಾಠ ಮಾಡುತ್ತಿದ್ದೇವೆ.

ಇನ್ನು ಬೀದಿಗೆ ಬರೋಣ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ಹಾಸಿದ ಕಲ್ಲುಗಳು 2021ರಲ್ಲಿ ಬಹುಬೇಗ ಹಾಳಾಗಿ ಮತ್ತೆ ದುರಸ್ತಿಯಾದದ್ದು ನಿಮಗೆ ನೆನಪಿರಬಹುದು. ಅದೂ ಗುತ್ತಿಗೆಯ ಕೆಲಸವೇ. ಆದರೆ ಕಲ್ಲು ಎದ್ದರೆ ಎಲ್ಲರ ಕಾಲಿಗೂ ತಗಲುತ್ತದೆ, ಕೂಗಾಡುತ್ತಾರೆ, ಸರಿಯಾಗುತ್ತದೆ. ಕಸ ಗುಡಿಸುವವಳಿಗೆ ಮೂರು ತಿಂಗಳಿಂದ ಸಂಬಳ ಬಂದಿಲ್ಲವೆಂಬುದು ಯಾರ ಕಾಲಿಗೂ ತಗಲುವುದಿಲ್ಲ.

ಬೆಂಗಳೂರಿನ ಪೌರಕಾರ್ಮಿಕರ ಕಥೆ ಇದೇ. ಬಹುಪಾಲು ದಲಿತ ಹೆಂಗಸರಾದ ಇವರು ವರ್ಷಗಟ್ಟಲೆ ಗುತ್ತಿಗೆದಾರರ ಪಟ್ಟಿಯಲ್ಲಿದ್ದರು. ಸಂಬಳ ತಡವಾಗುವುದು, ಭವಿಷ್ಯನಿಧಿ ಮತ್ತು ಇಎಸ್‌ಐ ಹಣ ಕಡಿತವಾದರೂ ಖಾತೆಗೆ ಸೇರದಿರುವುದು, ಪಟ್ಟಿಯಲ್ಲಿ ಮಾತ್ರ ಇರುವ ಹೆಸರುಗಳಿಗೂ ಬಿಲ್ ಆಗುವುದು ಅವರ ಸಂಘಟನೆಗಳ ನಿರಂತರ ದೂರಾಗಿತ್ತು. ಇಎಸ್‌ಐ ಹಣ ಕಟ್ಟದಿದ್ದರೆ ಆಗುವುದೇನು? ದಿನವಿಡೀ ದೂಳು ಕುಡಿದು ಉಬ್ಬಸ ಬಂದವಳಿಗೆ ಇಎಸ್‌ಐ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ. ಊರಿನ ಆರೋಗ್ಯ ಕಾಯುವವಳ ಆರೋಗ್ಯಕ್ಕೆ ಹೊಣೆಯೇ ಇಲ್ಲ. ಗುತ್ತಿಗೆ ರದ್ದುಮಾಡುವ ನಿರ್ಧಾರ 2017ರಲ್ಲಾಗಿ, 2018ರಿಂದ ಪಾಲಿಕೆಯೇ ನೇರವಾಗಿ ವೇತನ ಕೊಡತೊಡಗಿತು. ಆದರೂ ನೌಕರಿ ಕಾಯಂ ಆಗಲಿಲ್ಲ. 2022ರ ಜುಲೈ ಮೊದಲ ವಾರದಲ್ಲಿ ಅವರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದಾಗ ನಾಲ್ಕೇ ದಿನಗಳಲ್ಲಿ ಊರಿಗೆಲ್ಲ ಅದರ ವಾಸನೆ ತಿಳಿಯಿತು. ಕೊನೆಗೆ 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು.

ಇದಕ್ಕೂ ನಿಮ್ಮ ಮಗುವಿನ ಡೆಂಗೆಗೂ ಏನು ನಂಟು ಎನ್ನುವಿರಾ? 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ನೀರು ನಿಲ್ಲಲು ಬಿಟ್ಟವರಿಗೆ ದಂಡ ವಿಧಿಸಿತು. ಸರಿಯೇ. ಆದರೆ ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟ, ಹಳೆಯ ಟಯರು ಎಲ್ಲಿ ಬಿದ್ದಿವೆ ಎಂದು ದಿನವೂ ಅದೇ ಬೀದಿಯಲ್ಲಿ ನಡೆಯುವವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ನಾಳೆಯೂ ಅದೇ ಬೀದಿಗೆ ಬರುವಳೆಂಬ ಖಾತ್ರಿ ಇದ್ದರೆ ತಾನೇ ಹೇಳುತ್ತಾಳೆ.

ಕಾಯಂ ಮಾಡಿದರೆ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳುವುದಿಲ್ಲ. ಹಾಜರಿ ಹಾಕಿ ಮನೆಗೆ ಹೋಗುವ ಕಾಯಂ ನೌಕರರನ್ನೂ, ತನ್ನ ಬದಲಿಗೆ ಅರ್ಧ ಸಂಬಳಕ್ಕೆ ಇನ್ನೊಬ್ಬರನ್ನು ಕಳಿಸುವವರನ್ನೂ ನಾನು ಕಂಡಿದ್ದೇನೆ. ನೀವೂ ಕಂಡಿರುತ್ತೀರಿ. ಗುತ್ತಿಗೆ ಎಂದೊಡನೆ ಮೂಗು ಮುರಿಯಬೇಕಾಗಿಯೂ ಇಲ್ಲ. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರ್ಕಾರ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟಿಗೆ ಒಪ್ಪಿಸಿತು. ಅದೂ ಕರಾರಿನ ಮೇಲೆಯೇ. ಆದರೆ ಟ್ರಸ್ಟು ಅದಕ್ಕೆ ಹತ್ತು ವರ್ಷ ಮೊದಲೇ ಆ ಸೀಮೆಯಲ್ಲಿ ಕುಷ್ಠರೋಗದ ಕೆಲಸ ಮಾಡುತ್ತಿತ್ತು. ಊರಿನವರ ಪರಿಚಯವಿತ್ತು, ನೆಲೆಯೂರುವ ಮನಸ್ಸಿತ್ತು. ಅದು ದೇಶದಲ್ಲೇ ಮಾದರಿಯೆನಿಸಿತು. ಅದೇ ಬಗೆಯ ಒಪ್ಪಂದವನ್ನು ಊರೂರಿಗೆ ಹರಡಲು ಹೊರಟ 'ಆರೋಗ್ಯ ಬಂಧು' ಯೋಜನೆ ಮಾತ್ರ ಬಾಳಲಿಲ್ಲ. 2016ರಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟಿತು. ಗುಂಬಳ್ಳಿಯ ಗುಣ ಇದ್ದದ್ದು ಕರಾರುಪತ್ರದಲ್ಲಲ್ಲ.

ನನ್ನ ವಾದ ಇಷ್ಟು. ಆರೋಗ್ಯದ ಕ್ಷೇತ್ರದಲ್ಲಿ ಶುಚಿತ್ವವನ್ನು ಅಮುಖ್ಯ ಕೆಲಸಗಳ ಪಟ್ಟಿಯಿಂದ ತೆಗೆಯಬೇಕು. ಸುಪ್ರೀಂ ಕೋರ್ಟು ಕೂಡ 2024ರ ಡಿಸೆಂಬರ್ 20ರಂದು ಜಗ್ಗೋ ಪ್ರಕರಣದ ತೀರ್ಪಿನಲ್ಲಿ, ಕೇಂದ್ರ ಜಲ ಆಯೋಗದಲ್ಲಿ ದೀರ್ಘಕಾಲ ದುಡಿದ ಕಸಗುಡಿಸುವ ಹೆಂಗಸರು ಮತ್ತಿತರರ ಕೆಲಸ ನಿತ್ಯದ, ಅಗತ್ಯದ ಕೆಲಸವೆಂದು ಒಪ್ಪಿ ಅವರನ್ನು ಕಾಯಂ ಮಾಡಲು ಆದೇಶಿಸಿತು. ಕಚೇರಿಯ ವರಾಂಡ ಗುಡಿಸುವುದೇ ಅಗತ್ಯದ ಕೆಲಸವಾದರೆ, ಹೆರಿಗೆ ಕೋಣೆಯ ರಕ್ತ ಒರೆಸುವುದು ಏನು? ಇನ್ನು, ಅಮುಖ್ಯ ಕೆಲಸಕ್ಕೆ ಮಾತ್ರ ಗುತ್ತಿಗೆ ಎಂದು ಆರಂಭಿಸಿದವರು ಆ ಗೆರೆಯನ್ನಾದರೂ ಉಳಿಸಿಕೊಂಡರೇ? 2023ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಮುಷ್ಕರ ಹೂಡಿದಾಗ ಅವರಲ್ಲಿ ಶುಶ್ರೂಷಕಿಯರೂ ಪ್ರಯೋಗಾಲಯದ ತಂತ್ರಜ್ಞರೂ ಇದ್ದರು. ಇಂಜೆಕ್ಷನ್ ಕೊಡುವುದೂ ಈಗ ಅಮುಖ್ಯವೇ?

ಗುತ್ತಿಗೆ ಇರುವ ಕಡೆ, ಅದು ಇರುವಷ್ಟು ದಿನ, ನೀವು ಮಾಡಬಹುದಾದದ್ದು ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರ ಸದಸ್ಯರ ಪರಿಚಯವಿದ್ದರೆ ಎರಡೇ ಪ್ರಶ್ನೆ ಕೇಳಿ: ಶುಚಿತ್ವದವರಿಗೆ ಈ ತಿಂಗಳ ಸಂಬಳ ಬಂದಿದೆಯೇ? ಮೂರೂ ಬಾರಿ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ? ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯೇ ಕೊಡಬೇಕೆಂದು 1970ರ ಕಾಯ್ದೆಯೂ ಹೇಳಿತ್ತು, ಈಗಿನ ಸಂಹಿತೆಯೂ ಹೇಳುತ್ತದೆ. ಕರಾರಿನ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನೀವೇ ಕೇಳಿ ಪಡೆಯಬಹುದು.

ಮನೆಯಲ್ಲಿ ಯಾರಾದರೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಬಳಸಿದ ಸೂಜಿಯನ್ನು ಕಸದ ಚೀಲಕ್ಕೆ ಹಾಗೆಯೇ ಹಾಕಬೇಡಿ. ಗಟ್ಟಿ ಪ್ಲಾಸ್ಟಿಕ್ಕಿನ ಖಾಲಿ ಡಬ್ಬಿಯೊಂದರಲ್ಲಿ ಹಾಕುತ್ತ ಬನ್ನಿ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿಮಾಡಿ, ಮೇಲೆ 'ಸೂಜಿ' ಎಂದು ದಪ್ಪಕ್ಷರದಲ್ಲಿ ಬರೆದು ಬೇರೆಯಾಗಿ ಕೈಗೆ ಕೊಡಿ, ಏನೆಂದು ಬಾಯಲ್ಲೂ ಹೇಳಿ. ಒಡೆದ ಗಾಜು, ಬ್ಲೇಡುಗಳನ್ನು ದಪ್ಪನಾದ ಕಾಗದದಲ್ಲಿ ಸುತ್ತಿ. ಅಷ್ಟು ಸುತ್ತಲು ಈ ಪುಟವೇ ಸಾಕು.